ಅಕಸ್ಮಾತ್ ಎನ್ನಲು ಒಪ್ಪದವರು

ಅಮೆರಿಕದ ಕೆಂಟಕಿ ರಾಜ್ಯದಲ್ಲಿ ಸಿನ್ಸಿನಾಟಿಯಿಂದ ಲೂಯಿವಿಲ್ ಕಡೆಗೆ ಹೋಗುವ 71ನೇ ಅಂತರರಾಜ್ಯ ಹೆದ್ದಾರಿಯಲ್ಲಿ, ಕ್ಯಾರಲ್‌ಟನ್ ಎಂಬ ಸಣ್ಣ ಊರು ದಾಟುವಾಗ ರಸ್ತೆಬದಿಯಲ್ಲಿ ಒಂದು ಫಲಕ ಸಿಗುತ್ತದೆ. 1988ರ ಮೇ 14ರಂದು ಜನರ ಜೀವ ತೆಗೆದ ಬಸ್ ದುರಂತ ನಡೆದ ಜಾಗ ಇದು ಎಂದಷ್ಟೇ ಅದರಲ್ಲಿದೆ. ಯಾರ ಹೆಸರೂ ಇಲ್ಲ, ಕಾರಣವೂ ಇಲ್ಲ. ಗಾಡಿಯಲ್ಲಿ ಕೂತವರು ಓದಿ ಮುಗಿಸುವಷ್ಟರಲ್ಲಿ ಅದು ಹಿಂದೆ ಸರಿದಿರುತ್ತದೆ. ಆದರೆ ಆ ಕಾರಣ ಏನು ಎಂಬ ಪ್ರಶ್ನೆಯನ್ನೇ ಹಿಡಿದು ಕೆಲವು ತಂದೆತಾಯಿಯರು ವರ್ಷಗಟ್ಟಲೆ ಹೋರಾಡಿದರು. ಕುಡಿದು ಗಾಡಿ ಓಡಿಸಿದವನಿಂದಾದ ಸಾವಿಗೆ ಹೊಣೆ ಯಾರು ಎಂಬ ಚರ್ಚೆಯ ಚರಿತ್ರೆಯಲ್ಲಿ ಈ ಊರಿನ ಹೆಸರು ಮತ್ತೆ ಮತ್ತೆ ಬರಲು ಅದೇ ಕಾರಣ.

ಅಂದು ಶನಿವಾರ. ಫೋರ್ಟ್ ನಾಕ್ಸ್ ಸೇನಾ ನೆಲೆಯ ಪಕ್ಕದ ರ‍್ಯಾಡ್‌ಕ್ಲಿಫ್ ಎಂಬ ಊರಿನ ಒಂದು ಚರ್ಚಿನವರು ಮಕ್ಕಳನ್ನು ಓಹಾಯೋದ ಕಿಂಗ್ಸ್ ಐಲೆಂಡ್ ಮನರಂಜನಾ ಉದ್ಯಾನಕ್ಕೆ ಕರೆದುಕೊಂಡು ಹೋಗಿದ್ದರು. ಬಸ್ಸು ಚರ್ಚಿನದೇ. ಹಿಂದೆ ಶಾಲಾ ಬಸ್ಸಾಗಿ ಹತ್ತು ವರ್ಷ ಓಡಿ, ಹಳತಾದ ಮೇಲೆ ಮಾರಾಟವಾಗಿ ಚರ್ಚಿನ ಕೈಗೆ ಬಂದದ್ದು. ದಿನವಿಡೀ ಆಡಿ ದಣಿದ ಮಕ್ಕಳು ಮತ್ತು ಜೊತೆಗಿದ್ದ ದೊಡ್ಡವರು, ಚಾಲಕನೂ ಸೇರಿ ಒಟ್ಟು 67 ಜನ ರಾತ್ರಿ ಮನೆಗೆ ಹಿಂತಿರುಗುತ್ತಿದ್ದರು. ಹನ್ನೊಂದು ಗಂಟೆಗೆ ಕೆಲವೇ ನಿಮಿಷ ಇದ್ದಾಗ ಎದುರಿನಿಂದ, ಅದೇ ಪಥದಲ್ಲಿ ತಪ್ಪು ದಿಕ್ಕಿನಲ್ಲಿ, ಒಂದು ಪಿಕಪ್ ಟ್ರಕ್ಕು ನುಗ್ಗಿ ಬಂತು. ಓಡಿಸುತ್ತಿದ್ದವನಿಗೆ 34 ವರ್ಷ. ರಾಸಾಯನಿಕ ಕಾರ್ಖಾನೆಯೊಂದರ ಕೆಲಸಗಾರ. ಅವನ ರಕ್ತದಲ್ಲಿ ಮದ್ಯಸಾರದ ಪ್ರಮಾಣ ಶೇಕಡಾ 0.24 ಇತ್ತು ಎಂದು ಆಮೇಲೆ ಪರೀಕ್ಷೆಯಲ್ಲಿ ಗೊತ್ತಾಯಿತು. ಆಗಿನ ಕೆಂಟಕಿಯ ಮಿತಿ 0.10. ಇಂದಿನ ನಮ್ಮ ಭಾರತದ ಮಿತಿಯಿಂದ ಲೆಕ್ಕ ಹಾಕಿದರೆ ಎಂಟು ಪಟ್ಟು.

ಎರಡೂ ಗಾಡಿಗಳು ಮುಖಾಮುಖಿ ಬಡಿದವು. ಈ ಘಟನೆಯನ್ನು ಬೇರೆಯಾಗಿಸುವ ಸಂಗತಿ ಇಲ್ಲಿದೆ: ಆ ಹೊಡೆತಕ್ಕೆ ಬಸ್ಸಿನಲ್ಲಿದ್ದ ಒಬ್ಬರೂ ಸಾಯಲಿಲ್ಲ. ಡಿಕ್ಕಿಯ ರಭಸಕ್ಕೆ ಬಸ್ಸಿನ ಮುಂಭಾಗದ ಸ್ಪ್ರಿಂಗ್ ಕಿತ್ತು, ಹಿಂದಕ್ಕೆ ಸರಿದು, ಮುಂಬಾಗಿಲ ಹಿಂದೆಯೇ ಇದ್ದ ಪೆಟ್ರೋಲ್ ಟ್ಯಾಂಕನ್ನು ತೂತು ಮಾಡಿತು. ಬೆಂಕಿ ಹತ್ತಿತು. ಜಖಂಗೊಂಡ ಮುಂಬಾಗಿಲು ತೆರೆಯುವಂತಿರಲಿಲ್ಲ. ಚಾಲಕ ಕೈಗೆ ಸಿಕ್ಕ ಚಿಕ್ಕ ಅಗ್ನಿಶಾಮಕದಿಂದ ಉರಿಯನ್ನು ಆರಿಸಲು ನೋಡಿದ. ಆಗಲಿಲ್ಲ. ಉಳಿದದ್ದು ಹಿಂದಿನ ಒಂದೇ ತುರ್ತು ಬಾಗಿಲು. ಸೀಟುಗಳ ನಡುವಿನ ದಾರಿ ಇಕ್ಕಟ್ಟು, ಬಾಗಿಲ ಬಳಿ ತಂಪು ಪೆಟ್ಟಿಗೆ ಅಡ್ಡ. ಕಿಟಕಿಗಳು ತೆರೆಯುತ್ತಿದ್ದದ್ದು ಕೆಲವೇ ಅಂಗುಲ. ಸೀಟಿನ ಸ್ಪಂಜು ಹೊತ್ತಿಕೊಂಡು ಕಪ್ಪು ವಿಷದ ಹೊಗೆ ಕಾರಿತು. ಕೆಲವೇ ನಿಮಿಷಗಳಲ್ಲಿ ಬಸ್ಸು ಪೂರ್ತಿ ಉರಿಯಿತು. 27 ಜನ ಸತ್ತರು. ಅವರಲ್ಲಿ 24 ಮಂದಿ ಮಕ್ಕಳು. 34 ಜನ ಗಾಯಗೊಂಡರು, ಕೆಲವರ ಮೈಮುಖದ ಮೇಲೆ ಆ ಗಾಯ ಜೀವನಪರ್ಯಂತ ಉಳಿಯಿತು. ಪಿಕಪ್ ಓಡಿಸಿದವನು ಬದುಕಿಕೊಂಡ. ಡಿಕ್ಕಿ ಆದದ್ದೇ ಅವನಿಗೆ ನೆನಪಿರಲಿಲ್ಲ. ತಾನೇನು ಮಾಡಿದೆ ಎಂದು ಅವನಿಗೆ ಗೊತ್ತಾದದ್ದು ಆಸ್ಪತ್ರೆಯ ಹಾಸಿಗೆಯಲ್ಲಿ, ಬೇರೆಯವರ ಬಾಯಿಂದ.

ಇಂಥ ಸುದ್ದಿ ಕೇಳಿದಾಗ ನಮ್ಮಲ್ಲಿ ಥಟ್ಟನೆ ಬಾಯಿಗೆ ಬರುವ ಪದ ‘ಅಕಸ್ಮಾತ್’. ಆಡುತ್ತ ಆಡುತ್ತ ಅದರ ಅರ್ಥ ಸವೆದಿದೆ. ಸಂಸ್ಕೃತದಲ್ಲಿ ‘ಕಸ್ಮಾತ್’ ಎಂದರೆ ಯಾತರಿಂದ, ಯಾವ ಕಾರಣದಿಂದ. ಅದಕ್ಕೆ ‘ಅ’ ಸೇರಿದರೆ ಯಾತರಿಂದಲೂ ಅಲ್ಲದ್ದು, ಕಾರಣ ಕೇಳಲಾಗದ್ದು. ‘ಆಯಸ್ಸು ಅಷ್ಟೇ ಇತ್ತು’ ಎನ್ನುವಾಗಲೂ, ‘ಹಣೆಯಲ್ಲಿ ಬರೆದದ್ದು’ ಎನ್ನುವಾಗಲೂ ನಾವು ಮಾಡುತ್ತಿರುವುದು ಇದನ್ನೇ. ಸತ್ತವರ ಮನೆಯವರ ಸಂಕಟ ತುಸು ಇಳಿಯಲಿ ಎಂದು ಪ್ರಶ್ನೆಯ ಬಾಗಿಲನ್ನು ಮೆಲ್ಲಗೆ ಮುಚ್ಚುತ್ತೇವೆ. ಈ ಮಾತುಗಳಲ್ಲಿ ಕರುಣೆ ಇದೆ, ಇಲ್ಲವೆನ್ನಲಾಗದು. ಆದರೆ ಅದೇ ಕರುಣೆ ಹೊಣೆಗಾರನಿಗೂ ಮರೆಯಾಗುತ್ತದೆ.

ಇದು ನಮ್ಮವರ ಅಭ್ಯಾಸ ಮಾತ್ರ ಅಲ್ಲ. ಕುಡಿದು ಗಾಡಿ ಓಡಿಸಿದ್ದಕ್ಕೆ ಶಿಕ್ಷೆಯಾದ ಮೊದಲಿಗರಲ್ಲಿ ಒಬ್ಬನೆಂದು ಹೆಸರಾದವನು ಲಂಡನ್ನಿನ ಟ್ಯಾಕ್ಸಿ ಚಾಲಕ ಜಾರ್ಜ್ ಸ್ಮಿತ್. 1897ರ ಸೆಪ್ಟೆಂಬರಿನಲ್ಲಿ ಗಾಡಿಯನ್ನು ಕಟ್ಟಡಕ್ಕೆ ಗುದ್ದಿ, ಕುಡಿದಿದ್ದೆನೆಂದು ಒಪ್ಪಿ, 25 ಶಿಲಿಂಗ್ ದಂಡ ಕಟ್ಟಿದ. ಕಾನೂನು ಅಂದಿನಿಂದಲೂ ಇತ್ತು. 1954ರಲ್ಲಿ ರಾಬರ್ಟ್ ಬೋರ್ಕೆನ್‌ಸ್ಟೈನ್ ಉಸಿರಿನಿಂದಲೇ ಕುಡಿತ ಅಳೆಯುವ ‘ಬ್ರೆಥಲೈಸರ್’ ಕಂಡುಹಿಡಿದ ಮೇಲೆ ಪುರಾವೆಯೂ ಕೈಗೆ ಬಂತು. ಇಲ್ಲದಿದ್ದದ್ದು ಸಿಟ್ಟು. ಪಾರ್ಟಿಯಿಂದ ತೂರಾಡುತ್ತ ಮನೆಗೆ ಗಾಡಿ ಓಡಿಸಿಕೊಂಡು ಹೋದದ್ದನ್ನು ಮರುದಿನ ನಗೆಯ ಕಥೆಯಾಗಿ ಹೇಳಬಹುದಿತ್ತು. ನ್ಯಾಯಪೀಠದಲ್ಲಿ ಕೂತವನಿಗೂ, ಜ್ಯೂರಿಯಲ್ಲಿದ್ದವನಿಗೂ ಆರೋಪಿಯ ಜಾಗದಲ್ಲಿ ತಾನೇ ನಿಂತಂತೆ ಅನಿಸುತ್ತಿತ್ತು. ದೇವರು ಕಾಪಾಡಿದ, ನಾನು ಯಾರಿಗೂ ಗುದ್ದಲಿಲ್ಲ, ಅಷ್ಟೇ ವ್ಯತ್ಯಾಸ.

ಆ ಸಿಟ್ಟನ್ನು ಸಾರ್ವಜನಿಕವಾಗಿ ತಂದವರು ಮಕ್ಕಳನ್ನು ಕಳಕೊಂಡ ತಾಯಂದಿರು. 1980ರ ಮೇ 3ರಂದು ಕ್ಯಾಲಿಫೋರ್ನಿಯಾದ ಫೇರ್ ಓಕ್ಸ್ ಎಂಬಲ್ಲಿ ಕ್ಯಾಂಡಿ ಲೈಟ್ನರ್ ಎಂಬಾಕೆಯ 13 ವರ್ಷದ ಮಗಳು ಚರ್ಚಿನ ಜಾತ್ರೆಗೆ ನಡೆದು ಹೋಗುತ್ತಿದ್ದಳು. ಹಿಂದಿನಿಂದ ಬಂದ ಕಾರು ಅವಳನ್ನು ಬಡಿದು ನಿಲ್ಲದೆ ಹೋಯಿತು. ಓಡಿಸಿದವನು ಕುಡಿದು ಗಾಡಿ ಓಡಿಸಿದ್ದಕ್ಕೆ ಹಿಂದೆಯೂ ಸಿಕ್ಕಿಬಿದ್ದವನು, ಇಂಥದೇ ಇನ್ನೊಂದು ಪ್ರಕರಣದಲ್ಲಿ ಜಾಮೀನಿನ ಮೇಲೆ ಹೊರಗಿದ್ದವನು. ಇವನಿಗೆ ಜೈಲಾಗುವುದು ಅನುಮಾನ ಎಂದು ಪೊಲೀಸರೇ ಆ ತಾಯಿಗೆ ಹೇಳಿದರು. ಅದೇ ವರ್ಷ ಆಕೆ ಕುಡಿದು ಓಡಿಸುವವರ ವಿರುದ್ಧ ತಾಯಂದಿರ ಸಂಘಟನೆ ಕಟ್ಟಿದರು. ಇಂಗ್ಲಿಷಿನ ಮೊದಲಕ್ಷರ ಕೂಡಿಸಿ ‘ಮ್ಯಾಡ್’ ಎಂದು ಹೆಸರು. ಆ ಮಾತಿಗೆ ಸಿಟ್ಟಿಗೆದ್ದವರು ಎಂಬ ಅರ್ಥವೂ ಇದೆ. ನಾಲ್ಕೇ ವರ್ಷದಲ್ಲಿ ಅವರ ಒತ್ತಾಯಕ್ಕೆ ದೇಶದ ಕಾನೂನು ಬಾಗಿತು. 1984ರ ಜುಲೈಯಲ್ಲಿ ಅಧ್ಯಕ್ಷ ರೊನಾಲ್ಡ್ ರೇಗನ್ ಸಹಿ ಹಾಕಿದ ಕಾಯ್ದೆ, ಮದ್ಯ ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸದ ರಾಜ್ಯಗಳಿಗೆ ಹೆದ್ದಾರಿ ಅನುದಾನ ಕಡಿತ ಮಾಡುವುದಾಗಿ ಹೇಳಿತು.

ಹೀಗಾಗಿ 1988ರಲ್ಲಿ ಕ್ಯಾರಲ್‌ಟನ್ ಬಳಿ ಬಸ್ಸು ಉರಿದಾಗ ಅಮೆರಿಕದವರು ‘ಅಕಸ್ಮಾತ್’ ಎನ್ನಲಿಲ್ಲ. ಸರ್ಕಾರಿ ವಕೀಲರು ಆ ಚಾಲಕನ ಮೇಲೆ 27 ಕೊಲೆಗಳ ಆರೋಪವನ್ನೇ ಹೊರಿಸಿದರು. ಅವನು 1984ರಲ್ಲೂ ಒಮ್ಮೆ ಕುಡಿದು ಓಡಿಸಿ ಸಿಕ್ಕಿಬಿದ್ದಿದ್ದ. 1989ರ ಡಿಸೆಂಬರಿನಲ್ಲಿ ತೀರ್ಪು ಬಂತು. ಜ್ಯೂರಿ ಕೊಲೆ ಎನ್ನಲು ಒಪ್ಪಲಿಲ್ಲ. ಕೊಲ್ಲುವ ಉದ್ದೇಶವಿಲ್ಲದೆ, ಆದರೆ ಅಪಾಯವನ್ನು ಲೆಕ್ಕಿಸದೆ ಮಾಡಿದ ನರಹತ್ಯೆ ಎಂದಿತು. 16 ವರ್ಷ ಸೆರೆ. 27 ಜೀವಕ್ಕೆ 16 ವರ್ಷ ಎಂದು ಭಾಗಿಸಿ ನೋಡಿದರೆ ಒಂದು ಜೀವಕ್ಕೆ ಏಳು ತಿಂಗಳಿಗಿಂತ ತುಸುವೇ ಹೆಚ್ಚು. ಇಂಥ ಲೆಕ್ಕ ಮಾಡಬಾರದು ಎಂದು ಹೊರಗಿನವರಾದ ನಾವು ಹೇಳಬಹುದು. ಮಗುವನ್ನು ಮಣ್ಣು ಮಾಡಿ ಬಂದವರಿಗೆ ಆ ಮಾತು ಹೇಳಲು ನಾಲಗೆ ಏಳುವುದಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ಅದು ಒಬ್ಬ ಕುಡುಕನ, ಒಂದು ಶಿಕ್ಷೆಯ ಕಥೆಯಾಗಿ ಉಳಿಯುತ್ತಿತ್ತು. ಆದರೆ ಸತ್ತ ಮಕ್ಕಳ ಮನೆಯವರಲ್ಲಿ ಕೆಲವರನ್ನು ಇನ್ನೊಂದು ಪ್ರಶ್ನೆ ಕಾಡುತ್ತಿತ್ತು. ಡಿಕ್ಕಿಗೆ ಯಾರೂ ಸತ್ತಿಲ್ಲ. ಹಾಗಾದರೆ ನಮ್ಮ ಮಕ್ಕಳು ಸತ್ತದ್ದು ಯಾತರಿಂದ?

ಉತ್ತರ ಬಸ್ಸಿನ ಹುಟ್ಟಿನಲ್ಲಿತ್ತು. ಶಾಲಾ ಬಸ್ಸುಗಳ ಸುರಕ್ಷತೆಗೆ ಅಮೆರಿಕದ ಸಂಸತ್ತು 1974ರಲ್ಲೇ ಕಾನೂನು ಮಾಡಿತ್ತು. ಅದರಂತೆ ಡಿಕ್ಕಿಯಾದರೂ ಇಂಧನ ಸೋರದ ಹಾಗೆ ಕಾಪಾಡುವ ನಿಯಮವೂ ಸೇರಿದ ಹೊಸ ಮಾನದಂಡಗಳು 1977ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ಈ ಬಸ್ಸು ತಯಾರಾದದ್ದು ಅದಕ್ಕೆ ಕೆಲವೇ ದಿನ ಮೊದಲು. ಟ್ಯಾಂಕಿಗೆ ರಕ್ಷಣೆಯ ಪಂಜರ ಇರಲಿಲ್ಲ, ಕಾನೂನಿನ ಪ್ರಕಾರ ಇರಬೇಕಾಗಿಯೂ ಇರಲಿಲ್ಲ. ಟ್ಯಾಂಕಿಗೆ ಕವಚ ಬೇಕು ಎಂಬುದು ತಯಾರಕರಿಗೂ ಗೊತ್ತಿತ್ತು, ಸರ್ಕಾರಕ್ಕೂ ಗೊತ್ತಿತ್ತು. ದಿನಾಂಕ ಮಾತ್ರ ಬಂದಿರಲಿಲ್ಲ.

ಹೀಗೆ ಯೋಚಿಸುವ ಕ್ರಮವನ್ನು ಕಲಿಸಿದವರು ವಿಲಿಯಂ ಹ್ಯಾಡನ್ ಎಂಬ ವೈದ್ಯರು. ರಸ್ತೆಯಲ್ಲಿ ಸತ್ತ ಚಾಲಕರ ರಕ್ತದಲ್ಲಿ ಮದ್ಯ ಎಷ್ಟಿತ್ತು ಎಂದು 1950ರ ದಶಕದಲ್ಲೇ ಅಧ್ಯಯನ ಮಾಡಿದ್ದ ಅವರು 1966ರಲ್ಲಿ ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆಯ ಮೊದಲ ಮುಖ್ಯಸ್ಥರಾದರು. ಚಾಲಕನ ಕುಡಿತವನ್ನು ಅವರಷ್ಟು ಬಲ್ಲವರು ಕಡಿಮೆ. ಆದರೂ ಅವರು ಚಾಲಕನಲ್ಲಿಗೇ ನಿಲ್ಲಲಿಲ್ಲ. ಡಿಕ್ಕಿಗೆ ಮುಂಚೆ, ಡಿಕ್ಕಿಯ ಕ್ಷಣದಲ್ಲಿ, ಡಿಕ್ಕಿಯ ಬಳಿಕ ಎಂದು ಮೂರು ಹೊತ್ತನ್ನು ಒಂದು ಕಡೆ, ಮನುಷ್ಯ, ವಾಹನ, ಸುತ್ತಲ ಪರಿಸರ ಎಂದು ಇನ್ನೊಂದು ಕಡೆ ಬರೆದುಕೊಂಡು, ಪ್ರತಿ ಮನೆಯಲ್ಲೂ ಏನು ತಪ್ಪಿತು ಎಂದು ಕೇಳಬೇಕು ಎಂದರು. ಕ್ಯಾರಲ್‌ಟನ್ನನ್ನು ಈ ಕೋಷ್ಟಕದಲ್ಲಿಟ್ಟು ನೋಡಿ. ಮುಂಚೆ: ಕುಡಿದ ಮನುಷ್ಯ. ಆ ಕ್ಷಣ: ಕವಚವಿಲ್ಲದ ಟ್ಯಾಂಕು. ಬಳಿಕ: ಒಂದೇ ಬಾಗಿಲು, ಉರಿಯುವ ಸ್ಪಂಜು, ಅಡ್ಡವಿದ್ದ ಪೆಟ್ಟಿಗೆ.

ಬಸ್ ಕಂಪನಿಗಳು ಮನೆಯವರ ಮುಂದೆ ಪರಿಹಾರದ ಹಣ ಇಟ್ಟವು. ಹೆಚ್ಚಿನವರು ಒಪ್ಪಿಕೊಂಡರು. ಅದರಲ್ಲಿ ತಪ್ಪು ಹುಡುಕುವಂಥದ್ದೇನೂ ಇಲ್ಲ. ಆಸ್ಪತ್ರೆಯ ಖರ್ಚು, ಉಳಿದ ಮಕ್ಕಳ ಬದುಕು, ದಿನವೂ ಅದೇ ಮಾತು ಕೇಳುವ ಆಯಾಸ ಎಲ್ಲವೂ ಇದ್ದವು. ಎರಡು ಕುಟುಂಬಗಳು ಮಾತ್ರ ಆ ಹಣ ಬೇಡವೆಂದು ತಯಾರಕರ ವಿರುದ್ಧ ಮೊಕದ್ದಮೆಗೆ ನಿಂತವು. ಅವರಲ್ಲಿ ಒಬ್ಬರು ಕ್ಯಾರೊಲಿನ್ ನುನ್ನಲಿ. ಬಸ್ಸಿನಲ್ಲಿ ಸತ್ತವರಲ್ಲೇ ಅತಿ ಕಿರಿಯಳಾದ ಹತ್ತು ವರ್ಷದ ಹುಡುಗಿ ಅವರ ಮಗಳು. ಇಂಥ ಎಷ್ಟು ಹಳೆಯ ಬಸ್ಸುಗಳು ಇನ್ನೂ ಮಕ್ಕಳನ್ನು ಹೊತ್ತು ಓಡುತ್ತಿವೆ ಎಂಬುದು ಅವರ ಕೇಳಿಕೆ. ಅದಕ್ಕೆ ಹಣದಲ್ಲಿ ಉತ್ತರವಿರಲಿಲ್ಲ. ಈ ಮೊಕದ್ದಮೆಯ ಸುತ್ತ ಪತ್ರಕರ್ತ ಜೇಮ್ಸ್ ಕ್ಯೂನೆನ್ 1994ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಕಂಪನಿಗಳ ದುರಾಸೆ, ಸರ್ಕಾರದ ಉದಾಸೀನ ಎರಡನ್ನೂ ಅದು ಹೆಸರಿನಲ್ಲೇ ಹೇಳುತ್ತದೆ.

ಇಲ್ಲೊಂದು ಕಷ್ಟದ ಪ್ರಶ್ನೆ ಏಳುತ್ತದೆ. ಟ್ಯಾಂಕಿನ ಮಾತು ಎತ್ತಿದರೆ ಕುಡಿದವನ ತಪ್ಪು ಹಗುರವಾಗುವುದಿಲ್ಲವೇ? ‘ನನ್ನಿಂದ ಯಾರೂ ಸಾಯಲಿಲ್ಲ, ಬಸ್ಸಿನಿಂದ ಸತ್ತರು’ ಎಂದು ಅವನು, ‘ಕುಡುಕ ಬಂದು ಗುದ್ದದಿದ್ದರೆ ನಮ್ಮ ಟ್ಯಾಂಕು ಒಡೆಯುತ್ತಲೇ ಇರಲಿಲ್ಲ’ ಎಂದು ಕಂಪನಿಯವರು ಒಬ್ಬರ ಕಡೆ ಒಬ್ಬರು ಕೈ ತೋರಿಸಿದರೆ ಕೊನೆಗೆ ಯಾರೂ ಸಿಗುವುದಿಲ್ಲ. ನಮ್ಮಲ್ಲೂ ಎಷ್ಟೋ ತನಿಖೆಗಳು ಹೀಗೆಯೇ ನೀರಲ್ಲಿ ಹೋಮವಾಗಿವೆ.

ನುನ್ನಲಿ ಇದಕ್ಕೆ ಕೊಟ್ಟ ಉತ್ತರ ಮಾತಿನಲ್ಲಲ್ಲ, ಮಾಡಿದ ಕೆಲಸದಲ್ಲಿ ಕಾಣುತ್ತದೆ. ಒಂದು ಕಡೆ ಬಸ್ ತಯಾರಕರನ್ನು ನ್ಯಾಯಾಲಯಕ್ಕೆ ಎಳೆದ ಅದೇ ಹೆಂಗಸು, ಇನ್ನೊಂದು ಕಡೆ ತಾಯಂದಿರ ಸಂಘಟನೆ ಸೇರಿ 1990ರ ದಶಕದ ಕೊನೆಯಲ್ಲಿ ಅದರ ರಾಷ್ಟ್ರೀಯ ಅಧ್ಯಕ್ಷೆಯಾದರು. ರಕ್ತದಲ್ಲಿನ ಮದ್ಯದ ಮಿತಿಯನ್ನು ದೇಶವಿಡೀ 0.08ಕ್ಕೆ ಇಳಿಸಬೇಕೆಂಬುದು ಆಗ ಆ ಸಂಘಟನೆಯ ದೊಡ್ಡ ಬೇಡಿಕೆ. 2000ದ ಅಕ್ಟೋಬರಿನಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಅದಕ್ಕೆ ಸಂಬಂಧಿಸಿದ ಕಾಯ್ದೆಗೆ ಸಹಿ ಹಾಕಿದರು. ಒಂದು ಹೊಣೆಯನ್ನು ಎತ್ತಿ ಹಿಡಿಯಲು ಇನ್ನೊಂದನ್ನು ಕೆಳಗಿಡುವ ಅಗತ್ಯ ಆಕೆಗೆ ಕಾಣಲಿಲ್ಲ. ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ತನಿಖಾ ವರದಿಯೂ ಹೀಗೆಯೇ ಇದೆ. ಡಿಕ್ಕಿಗೆ ಕಾರಣ ಚಾಲಕನ ಕುಡಿತ. ಅಷ್ಟು ಜನ ಸಾಯಲು ಕಾರಣ ತೂತಾದ ಟ್ಯಾಂಕು, ಅಡಚಣೆಯಾದ ಬಾಗಿಲು, ಬೇಗ ಹೊತ್ತಿಕೊಂಡ ಸೀಟು. ಎರಡು ವಾಕ್ಯಗಳೂ ಪೂರ್ತಿ ನಿಜ. ಆಸ್ತಿಯನ್ನು ಪಾಲು ಮಾಡಿದರೆ ಪ್ರತಿಯೊಬ್ಬರ ಕೈಗೆ ಬರುವುದು ಕಡಿಮೆಯಾಗುತ್ತದೆ. ಹೊಣೆ ಹಾಗಲ್ಲ. ಅದನ್ನು ಹತ್ತು ಜನರಲ್ಲಿ ಹಂಚಿದರೂ ಪ್ರತಿಯೊಬ್ಬನ ಪಾಲಿಗೂ ಇಡಿಯಾಗಿಯೇ ಬರುತ್ತದೆ.

ಕೆಂಟಕಿ ರಾಜ್ಯ ತನ್ನ ಪಾಲನ್ನು ಹೊತ್ತುಕೊಂಡಿತು. ಅಲ್ಲಿನ ಶಾಲಾ ಬಸ್ಸುಗಳಲ್ಲಿ ಈಗ ಹೊರಬರಲು ಒಂಬತ್ತು ದಾರಿಗಳಿರಬೇಕು: ಮುಂದೆ, ಹಿಂದೆ, ಪಕ್ಕದಲ್ಲಿ ಬಾಗಿಲು, ನಾಲ್ಕು ತುರ್ತು ಕಿಟಕಿ, ಚಾವಣಿಯಲ್ಲಿ ಎರಡು. ಇಂದು ಅಲ್ಲಿ ಬಸ್ಸಿನಲ್ಲಿ ಕೂತು ಶಾಲೆಗೆ ಹೋಗುವ ಮಗುವಿಗೆ ಆ ಕಿಟಕಿಗಳು ಯಾರ ಸಾವಿನಿಂದ ಬಂದವು ಎಂದು ಗೊತ್ತಿರಬೇಕಾಗಿಲ್ಲ.

ಆ ಚಾಲಕ ಏನಾದ? ಪರೋಲ್ ಮೇಲೆ ಮೊದಲೇ ಹೊರಬರುವ ಅವಕಾಶ ಬಂದಾಗ ಅವನು ಬೇಡವೆಂದ. ಸನ್ನಡತೆಗೆ ಸಿಗುವ ಕಡಿತ ಕಳೆದು ಉಳಿದ ಶಿಕ್ಷೆಯನ್ನು ಪೂರ್ತಿ ಅನುಭವಿಸಿ 1999ರ ಸೆಪ್ಟೆಂಬರ್ 1ರಂದು ಹೊರಬಂದ. ಬೇಡವೆಂದದ್ದು ಪಶ್ಚಾತ್ತಾಪದಿಂದಲೋ, ಜನರ ಕಣ್ಣೆದುರು ನಿಲ್ಲುವ ಅಳುಕಿನಿಂದಲೋ, ಅವನ ಮನಸ್ಸಿನೊಳಗೆ ಹೊಕ್ಕು ಹೇಳಲು ಚರಿತ್ರೆಗೆ ಹಕ್ಕಿಲ್ಲ. ಮಕ್ಕಳನ್ನು ಕಳಕೊಂಡವರು ಅವನನ್ನು ಕ್ಷಮಿಸಲೇಬೇಕು ಎಂದೋ, ಕ್ಷಮಿಸಬಾರದು ಎಂದೋ ಹೇಳಲು ನಮಗೂ ಹಕ್ಕಿಲ್ಲ. ಶಿಕ್ಷೆ ಕೊಡುವುದು ನ್ಯಾಯಾಲಯದ ಕೆಲಸ. ಕ್ಷಮೆ ಕೊಡುವುದು, ಕೊಡದಿರುವುದು ಆಯಾ ಮನೆಯ ಮಾತು. ಒಂದನ್ನು ಇನ್ನೊಂದರ ಬದಲಿಗೆ ಕೇಳಿದಾಗಲೆಲ್ಲ ಎರಡೂ ಕೆಡುತ್ತವೆ.

ಇದನ್ನೆಲ್ಲ ಕನ್ನಡದಲ್ಲಿ ಬರೆಯುವಾಗ ನಮ್ಮ ರಸ್ತೆಗಳು ಕಣ್ಣಮುಂದೆ ಬಾರದಿರುವುದಿಲ್ಲ. ನಮ್ಮ ಹಳೆಯ ದಂಡಸಂಹಿತೆಗೆ 1870ರಲ್ಲಿ ಸೇರಿದ 304ಎ ಕಲಮು ದುಡುಕಿನಿಂದಲೋ ನಿರ್ಲಕ್ಷ್ಯದಿಂದಲೋ ಆದ ಸಾವಿಗೆ ಹೆಚ್ಚೆಂದರೆ ಎರಡು ವರ್ಷ ಎಂದಿತು. ಮೋಟಾರು ಬರುವುದಕ್ಕೂ ಮೊದಲಿನ ಆ ಅಳತೆಗೋಲಿನಲ್ಲೇ ನಾವು ಒಂದೂವರೆ ಶತಮಾನ ರಸ್ತೆಯ ಸಾವುಗಳನ್ನು ಅಳೆದೆವು. 2006ರ ನವೆಂಬರಿನಲ್ಲಿ ಮುಂಬಯಿಯ ಕಾರ್ಟರ್ ರಸ್ತೆಯಲ್ಲಿ ಕುಡಿದು ಓಡಿಸಿದ ಕಾರು ಫುಟ್‌ಪಾತಿನಲ್ಲಿ ಮಲಗಿದ್ದ ಏಳು ಮಂದಿ ಕೂಲಿಯವರನ್ನು ಕೊಂದಾಗ, ಕೆಳ ನ್ಯಾಯಾಲಯ ಕೊಟ್ಟದ್ದು ಆರು ತಿಂಗಳು. ಬಾಂಬೆ ಹೈಕೋರ್ಟು ಅದನ್ನು ನರಹತ್ಯೆಯ ಕಲಮಿಗೆ ಏರಿಸಿ ಮೂರು ವರ್ಷ ಮಾಡಿತು. ಕುಡಿದು ವೇಗವಾಗಿ ಓಡಿಸಿದರೆ ಜನ ಸಾಯಬಹುದೆಂಬುದು ಓಡಿಸುವವನಿಗೆ ತಿಳಿದೇ ಇರುತ್ತದೆ ಎಂಬ ನೆಲೆಯಲ್ಲಿ ಸುಪ್ರೀಂ ಕೋರ್ಟು 2012ರ ಜನವರಿಯಲ್ಲಿ ಅದನ್ನು ಎತ್ತಿಹಿಡಿಯಿತು. 2024ರ ಜುಲೈನಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆ ನಿರ್ಲಕ್ಷ್ಯದ ಸಾವಿಗೆ ಶಿಕ್ಷೆಯನ್ನು ಐದು ವರ್ಷದವರೆಗೆ ಏರಿಸಿದೆ. ಚಾಲಕನ ಹೊಣೆಯ ಬಗ್ಗೆ ನಮ್ಮ ಕಾನೂನು ನಿಧಾನವಾಗಿಯಾದರೂ ಕಣ್ಣು ತೆರೆಯುತ್ತಿದೆ.

ಬಾಗಿಲಿನ, ಟ್ಯಾಂಕಿನ ಹೊಣೆ? 2013ರ ಅಕ್ಟೋಬರ್ 30ರ ಬೆಳಗಿನ ಜಾವ ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಬಸ್ಸು ಮೆಹಬೂಬ್‌ನಗರ ಜಿಲ್ಲೆಯ ಪಾಲೆಂ ಬಳಿ ಮೋರಿಗೆ ಬಡಿದು, ಇಂಧನಕ್ಕೆ ಬೆಂಕಿ ಹತ್ತಿ, 45 ಜನ ಒಳಗೇ ಬೆಂದರು. ಹನ್ನೆರಡು ವರ್ಷದ ಮೇಲೆ, 2025ರ ಅಕ್ಟೋಬರ್ 24ರಂದು, ಅದೇ ಹೆದ್ದಾರಿಯಲ್ಲಿ ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಸ್ಲೀಪರ್ ಬಸ್ಸು ಕರ್ನೂಲಿನ ಬಳಿ ಉರಿಯಿತು. ಮೊದಲೇ ಬಿದ್ದು ಸತ್ತಿದ್ದ ಸವಾರನ ಬೈಕು ರಸ್ತೆಯಲ್ಲಿತ್ತು. ಬಸ್ಸು ಅದರ ಮೇಲೆ ಹರಿದು ಎಳೆದೊಯ್ದಿತು. ಆ ಸವಾರ ಕುಡಿದಿದ್ದನೆಂದು ಪರೀಕ್ಷೆಯಲ್ಲಿ ಕಂಡುಬಂತು. ಬಸ್ಸಿನ 19 ಪ್ರಯಾಣಿಕರು ಸತ್ತರು. ಕುಡಿದ ಒಬ್ಬ ಮನುಷ್ಯ, ಉರಿಯುವ ಒಂದು ಬಸ್ಸು, ಹೊರಬರಲಾಗದ ಜನ. ಕ್ಯಾರಲ್‌ಟನ್ ಎಂದರೆ ಎಲ್ಲೋ ದೂರದ ಊರು ಎಂದುಕೊಂಡಿದ್ದೆವು. ಅದು ಬೆಂಗಳೂರಿಗೆ ಒಂದು ರಾತ್ರಿಯ ಪ್ರಯಾಣದಷ್ಟು ಹತ್ತಿರದಲ್ಲಿತ್ತು.

ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ 1997ರಲ್ಲಿ ತನ್ನ ಬರಹಗಳಿಂದ ‘ಆಕ್ಸಿಡೆಂಟ್’ ಎಂಬ ಪದವನ್ನು ಕೈಬಿಡಲು ನಿರ್ಧರಿಸಿ, ಅದರ ಬದಲು ‘ಕ್ರ್ಯಾಶ್’ ಎನ್ನಲು ಕರೆಕೊಟ್ಟಿತು. ನಮಗೆ ಹೊಸ ಪದ ಬೇಕಾಗಿಲ್ಲ. ‘ಅಪಘಾತ’ದೊಳಗೆ ‘ಘಾತ’ ಇದೆ, ಹೊಡೆತ ಎಂದರ್ಥ. ಹೊಡೆತ ಇದ್ದಲ್ಲಿ ಹೊಡೆದ ಕೈ ಇರುತ್ತದೆ, ಒಮ್ಮೊಮ್ಮೆ ಒಂದಕ್ಕಿಂತ ಹೆಚ್ಚು. ಸಾವಿನ ಮನೆಗೆ ಹೋದಾಗ ಸಮಾಧಾನದ ಮಾತು ಆಡೋಣ, ಆಡಲೇಬೇಕು. ಆದರೆ ಅಲ್ಲಿ ಯಾರಾದರೂ ತಲೆಯೆತ್ತಿ ‘ಯಾತರಿಂದ?’ ಎಂದು ಕೇಳಿದರೆ, ಅವರ ಬಾಯಿಗೆ ‘ಅಕಸ್ಮಾತ್’ ಎಂಬ ಪದವನ್ನು ತುರುಕದಿರೋಣ.